ಲಿಂಗಕ್ಕನ ನಾಲ್ಕು ಮರಿಗಳು

ಅತ್ತಿಗೆಗೆ ಪೆದ್ದಹರಿವಾಣಂನಿಂದ ನಮಸ್ಕಾರ.

ಮೂರು ದಿನದಿಂದ ಇಲ್ಲಿ ಜಿಟಿಜಿಟಿ ಮಳೆ, ನನಗೆ ನೆಗಡಿ. ಈ ಊರೂ ಬೇಡ, ಬ್ಯಾಂಕಿನ ಕೆಲಸವೂ ಬೇಡವೆಂದು ನಿನ್ನೆ ಶನಿವಾರ ಚೀಲ ತುಂಬಿ, ಬಾಗಿಲು ಹಾಕಿಕೊಂಡು ಕೂತಿದ್ದೆ. ಪಕ್ಕದ ಮನೆಯಲ್ಲಿ ಕುರಿ ಸಾಕುವ ಲಿಂಗಕ್ಕ ಬಂದು ಬಾಗಿಲು ಬಡಿದಳು. “ಮೇಡಂ, ನಮ್ಮ ದೊಡ್ಡಿ ಸೋರಾಕತ್ತೈತಿ. ಸಂಜಿತನಕ ಇವನ್ನ ನೋಡ್ಕೋರಿ” ಎಂದು ನಾಲ್ಕು ಮರಿಗಳನ್ನು ಒಳಗೆ ಬಿಟ್ಟು ಹೋದಳು. ಒಂದು ನನ್ನ ಚೀಲದ ಮೇಲೇರಿ ಮಲಗಿತು, ಇನ್ನೊಂದು ದುಪ್ಪಟ್ಟಾ ಜಗಿಯಿತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಸಂಜೆ ಮರಿಗಳನ್ನು ಬಿಡಲು ಹೋದರೆ ದೊಡ್ಡಿಯಲ್ಲಿ ಒಂದು ಹನಿಯೂ ಸೋರಿರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಕೂತಿದ್ದನ್ನು ಅವಳು ಗಮನಿಸಿದ್ದಳೆಂದು ಆಗ ಹೊಳೆಯಿತು.

ನೆಗಡಿ ಬಿಟ್ಟಿದೆ. ನನ್ನನ್ನು ಕರೆದುಕೊಂಡು ಹೋಗಲು ಬಾ ಎಂದು ಅಣ್ಣನಿಗೆ ಹೇಳಿದ್ದೆನಲ್ಲ, ಇನ್ನು ಬರುವುದು ಬೇಡ. ಇವತ್ತೂ ಮೋಡ ಕವಿದಿದೆ, ಬಾಗಿಲು ತೆರೆದೇ ಇಟ್ಟಿದ್ದೇನೆ.

ನಿಮ್ಮ ವೀಣಾ