ಬಾಗಿಲು ಕಿತ್ತ ಊರಿನ ಕಾದಂಬರಿ

ಮಾರ್ಚ್ ೧೪, ಗುರುವಾರ

ಕಾದಂಬರಿ ಮುಗಿಯಿತು, ಸಿಟ್ಟು ಮುಗಿದಿಲ್ಲ.

ಯಾರಿಗೂ ಗುಟ್ಟು ಇರಕೂಡದೆಂದು ಸರ್ಕಾರ ಒಂದೇ ರಾತ್ರಿಯಲ್ಲಿ ಊರಿನ ಎಲ್ಲ ಮನೆಗಳ ಬಾಗಿಲು ಕಿತ್ತುಕೊಂಡು ಹೋಗುತ್ತದೆ. ಎಂಥಾ ಆರಂಭ! ಮೊದಲ ಅಧ್ಯಾಯ ಓದುವಾಗ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಆಮೇಲೆ? ನಾಯಕನಿಗೊಬ್ಬಳು ಸಿಕ್ಕಳು, ಇಬ್ಬರೂ ಓಡಿದರು, ಕೊನೆಗೊಂದು ಗೋಪುರ ಸಿಡಿಯಿತು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಬಾಗಿಲಿನ ವಿಷಯವನ್ನು ಲೇಖಕ ಮಹಾಶಯ ಮರೆತೇಬಿಟ್ಟ!

ಬಾಗಿಲಿಲ್ಲದ ಮನೆಯಲ್ಲಿ ಗಂಡ ಹೆಂಡತಿ ಎಲ್ಲಿ ಜಗಳವಾಡುತ್ತಾರೆ? ಬೆಳೆದ ಮಗಳು ಎಲ್ಲಿ ಬಟ್ಟೆ ಬದಲಿಸುತ್ತಾಳೆ? ನಮ್ಮ ಎರಡು ಕೋಣೆಗೂ ಇರುವುದು ಬರೀ ಪರದೆ. ಅದನ್ನು ಸರಿಸುವ ಮೊದಲು ಎಲ್ಲರೂ ಕೆಮ್ಮುತ್ತೇವೆ. ನನ್ನ ಮಗಳು ಮಾತು ಕಲಿಯುವ ಮೊದಲೇ ಕೆಮ್ಮಲು ಕಲಿತಳು. ಆ ಇಡೀ ಊರಿನಲ್ಲಿ ಒಬ್ಬನಾದರೂ ಕೆಮ್ಮಬಾರದೇ?

ಊಟಕ್ಕೆ ಕುಳಿತಾಗ ಇದನ್ನೇ ಹೇಳಿದೆ. ಇವರು ನಕ್ಕರು. "ಕಥೆ ತಾನೇ, ಬಿಡೇ. ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ?"

ಅತ್ತೆ ಮಾತ್ರ ಕೇಳಿದರು, "ಬಚ್ಚಲುಮನೆ ಬಾಗಿಲೂ ಕಿತ್ಕೊಂಡು ಹೋದ್ರಾ?"

ಹೂಂ ಅಂದೆ. ಅವರ ಕೈಯ ತುತ್ತು ಅಲ್ಲೇ ನಿಂತಿತು.

"ಅಯ್ಯೋ, ಹಾಗಾದ್ರೆ ಆ ಹೆಂಗಸ್ರು ಎಲ್ಲಿ ಹೋಗಿ ಅಳ್ತಾರೆ?"

ಇನ್ನೂರು ಪುಟ ಬರೆದವನಿಗೆ ಹೊಳೆಯದ ಪ್ರಶ್ನೆ! ಈ ಮನೆಯಲ್ಲಿ ಚಿಲಕವಿರುವ ಒಳಬಾಗಿಲು ಬಚ್ಚಲುಮನೆಯದೊಂದೇ. ಇದನ್ನು ಬರೆಯುತ್ತಿರುವುದೂ ಅಲ್ಲೇ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು. ಆ ಲೇಖಕನ ವಿಳಾಸ ಸಿಕ್ಕಿದ್ದರೆ…

ಹೊರಗೆ ಕೆಮ್ಮು. ಅತ್ತೆಯದು. ಏಳಬೇಕು, ಈಗ ಅವರ ಸರದಿ.