ಕೀಲಿ ಕೇಳಿದರು, ಬಾಗಿಲು ಕೇಳಲಿಲ್ಲ

ಚರ್ಚಿನ ಹಿಂದಿನ ಮನೆ,
ಗುರುವಾರ, ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಇವಳೇ,

ಮೂವತ್ತೊಂದು ವರ್ಷ ‘ಇವಳೇ’ ಎಂದು ಕೂಗಿ ಅಭ್ಯಾಸವಾದ ಬಾಯಿಗೆ ಈಗ ನಿನ್ನ ಹೆಸರು ಬರೆಯಹೋದರೆ ಬೇರೆ ಯಾರಿಗೋ ಕಾಗದ ಬರೆದ ಹಾಗಾಗುತ್ತದೆ. ಅದಕ್ಕೇ ಇವಳೇ. ಮೊಣಕಾಲು ನೋವು ಹೇಗಿದೆ? ದಿನಕ್ಕೆ ಎರಡು ಸಲ ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ ಎಂದು ನೀನು ಹೇಳಿದ್ದೀಯ, ಶೀಶೆಯ ಮುಚ್ಚಳವನ್ನೇ ತೆಗೆದಿಲ್ಲ ಎಂದು ಅಳಿಯ ಹೇಳಿದ್ದಾನೆ. ಇಬ್ಬರಲ್ಲಿ ಯಾರನ್ನು ನಂಬಬೇಕು ಎಂದು ನನಗೆ ಗೊತ್ತು. ಬಾಣಂತಿ ನಿದ್ದೆ ಮಾಡುತ್ತಾಳೆಯೇ? ಮೊಮ್ಮಗಳ ಕಿವಿ ನನ್ನ ಕಿವಿಯ ಹಾಗೆ ಹೊರಗೆ ಚಾಚಿದೆ ಎಂದು ಎಲ್ಲರೂ ನಗುತ್ತಿದ್ದಾರಂತೆ. ನಗಲಿ ಬಿಡು, ಆ ಕಿವಿಗೆ ದೂರದ ಬ್ರೇಕಿನ ಸದ್ದೂ ಕೇಳುತ್ತದೆ. ನಾನು ಆರೋಗ್ಯವಾಗಿದ್ದೇನೆ. ಎರಡೇ ಅಂಗಿಗಳನ್ನು ತಿರುಗಿಸಿ ಮುರುಗಿಸಿ ಹಾಕಿಕೊಳ್ಳುತ್ತಿದ್ದೇನೆ, ಏಕೆಂದರೆ ನಿನ್ನ ಬೀರು ತೆರೆಯಲು ಆಗುತ್ತಿಲ್ಲ. ಬೀರುವಿಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಅದರ ಮುಂದೆ ಒಂದು ಬಾಗಿಲು ಒರಗಿಸಿಟ್ಟಿದ್ದೇನೆ. ಚರ್ಚಿನ ಹಾಲಿನ ಬಾಗಿಲು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಹೇಳಿದರೆ ಮೊದಲ ವಾಕ್ಯಕ್ಕೇ ನೀನು ಬಾಯಿ ಹಾಕುತ್ತೀಯ, ಎರಡನೆಯದಕ್ಕೆ ಮಗಳು ಅಳುತ್ತಾಳೆ, ಮೂರನೆಯದು ನನ್ನ ಗಂಟಲಲ್ಲೇ ಉಳಿಯುತ್ತದೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಒಂದು ಲೋಟ ನೀರು ಕುಡಿದು, ಕೂತುಕೊಂಡು ಓದು. ನಿಂತು ಓದಬೇಡ.

ಹೊಸ ಕಮಿಟಿ ಬಂದ ಮೇಲೆ, ರೋಗಿಗಳ ಕಡೆಯವರು ತಂಗುವ ನಮ್ಮ ಹಾಲಿನ ಮೇಲೆ ಅವರ ಕಣ್ಣು ಬಿದ್ದಿತ್ತು ಎಂದು ನಿನಗೆ ಗೊತ್ತೇ ಇದೆ. ನೀನು ಹೋದ ವಾರವೇ ಅದಕ್ಕೊಂದು ನೆಪ ಸಿಕ್ಕಿತು. ದೂರದಿಂದ ಬಂದಿದ್ದ ಅತಿಥಿ ಬೋಧಕರು ಎರಡೂ ಕೈ ಎತ್ತಿ ಸಭೆಯನ್ನು ಆಶೀರ್ವದಿಸುತ್ತಿದ್ದಾಗ, ಕಿಟಕಿಯಾಚೆ ಹಗ್ಗದ ಮೇಲೆ ಯಾರದೋ ಪೈಜಾಮ ಗಾಳಿ ತುಂಬಿಕೊಂಡು ಎರಡೂ ಕಾಲೆತ್ತಿ ಕುಣಿಯಿತು. ಮಕ್ಕಳೆಲ್ಲ ನಕ್ಕರು. ನನಗೂ ನಗು ಬಂತು, ದೇವರಿಗೂ ಬಂದಿರಬೇಕು. ನಮ್ಮ ಕಮಿಟಿಯ ಅಧ್ಯಕ್ಷರು, ಅದೇ ರಿಟೈರ್ ಆದ ಮೇಷ್ಟ್ರು, ಅವರಿಗೆ ಮಾತ್ರ ಬರಲಿಲ್ಲ. ಆ ಪೈಜಾಮ ಯಾರದು ಎಂದು ಅವರು ಕೇಳಲಿಲ್ಲ, ನಾನೇ ಹೇಳಿದೆ. ಎದುರಿನ ಆಸ್ಪತ್ರೆಯಲ್ಲಿ ಹೆಂಡತಿಯ ಹೊಟ್ಟೆಯ ಆಪರೇಷನ್ ಮಾಡಿಸಲು ಬಂದ ಮುದುಕನದು. ಅವನ ಹತ್ತಿರ ಇರುವುದು ಅದೊಂದೇ, ಅದು ಒಣಗುವವರೆಗೆ ಅವನು ಹಾಲಿನ ಮೂಲೆಯಲ್ಲಿ ನಮ್ಮ ಬೆಡ್‌ಶೀಟ್ ಸುತ್ತಿಕೊಂಡು ಕೂತಿರುತ್ತಾನೆ. ಮೇಷ್ಟ್ರು ಕೇಳಿಸಿಕೊಂಡರು. ಕೇಳಿಸಿಕೊಂಡು, “ಇದು ದೇವರ ಮನೆ ಕಣ್ರೀ, ಧರ್ಮಛತ್ರ ಅಲ್ಲ. ಭಾನುವಾರ ಕೀಲಿ ಕೊಟ್ಬಿಡಿ, ಹಾಲು ಇನ್ಮೇಲೆ ಹಾಡಿನ ತಂಡದ ಅಭ್ಯಾಸಕ್ಕೆ” ಎಂದರು.

ಭಾನುವಾರ ಕೊಟ್ಟೆ. ಎಲ್ಲರ ಮುಂದೆ, ಎರಡೂ ಕೈಯಲ್ಲಿ, ಬಗ್ಗಿ ಕೊಟ್ಟೆ. ಇಪ್ಪತ್ತೆರಡು ವರ್ಷ ಸೊಂಟದಲ್ಲಿದ್ದ ಕೀಲಿ. ಇವನು ಇಷ್ಟು ಸುಲಭಕ್ಕೆ ಬಾಗಿದನಲ್ಲ ಎಂದು ಮೇಷ್ಟ್ರಿಗೇ ಆಶ್ಚರ್ಯವಾಗಿರಬೇಕು. ಸೋಮವಾರ ಹತ್ತು ಗಂಟೆಗೆ ಹೊಸ ಬೀಗವನ್ನೂ ತಂದು, ಒಳಗಿನವರನ್ನು ಹೊರಗೆ ಕಳಿಸಿ, ಎರಡು ಬೀಗ ಜಡಿಯುವುದು ಅವರ ಲೆಕ್ಕಾಚಾರ. ಒಳಗೆ ಹನ್ನೊಂದು ಜನ ಇದ್ದರು. ಮುದುಕನ ಹೆಂಡತಿಯನ್ನು ಅಂದು ಬೆಳಿಗ್ಗೆಯೇ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದರು. ನಾನು ಏಳು ಗಂಟೆಗೆ ಸ್ಪ್ಯಾನರ್ ಪೆಟ್ಟಿಗೆ ತೆಗೆದುಕೊಂಡು ಹೋದೆ. ಬಾಗಿಲಿನ ಕೀಲುಗಳ ಸ್ಕ್ರೂ ತುಕ್ಕು ಹಿಡಿದು ಮೊಂಡಾಗಿದ್ದವು. ಸೀಮೆಎಣ್ಣೆ ಬಿಟ್ಟು, ತಟ್ಟಿ, ಕಾದು, ಮತ್ತೆ ತಟ್ಟಿ ಮೂರೂ ಕೀಲು ಬಿಚ್ಚಿದೆ. ನಮ್ಮ ಡ್ರೈವರಣ್ಣ ಕುಂಟಿಕೊಂಡೇ ಬಂದು ಒಂದು ತುದಿ ಹಿಡಿದ. “ಅತ್ತಿಗೆಗೆ ಹೇಳಿದ್ದೀಯೇನೋ?” ಎಂದ. “ಮೊದಲು ಎತ್ತು” ಎಂದೆ. ಇಬ್ಬರೂ ಅಂಗಳ ದಾಟಿಸಿ ನಮ್ಮ ಮಲಗುವ ಕೋಣೆಗೆ ತಂದು ನಿಲ್ಲಿಸಿದೆವು.

ಹತ್ತು ಗಂಟೆಗೆ ಮೇಷ್ಟ್ರು ಬಂದರು. ಒಂದು ಕೈಯಲ್ಲಿ ಬೀಗ, ಇನ್ನೊಂದರಲ್ಲಿ ಕೀಲಿ, ಎದುರಿಗೆ ಬರೀ ಚೌಕಟ್ಟು. ನೀನು ನೋಡಬೇಕಿತ್ತು! ತಪ್ಪು ಮನೆಗೆ ಬಂದೆನೇನೋ ಎಂಬಂತೆ ಒಂದು ಹೆಜ್ಜೆ ಹಿಂದೆ ಹೋಗಿ ಗೋಡೆ ನೋಡಿದರು. “ಎಲ್ರೀ ಬಾಗಿಲು?” ಎಂದರು. “ಕೀಲಿ ಕೇಳಿದ್ರಿ, ಕೊಟ್ಟೆ ಮೇಷ್ಟ್ರೇ. ಬಾಗಿಲು ಯಾರು ಕೇಳಿದ್ರು?” ಎಂದೆ. “ಇದು ಕಳ್ಳತನ!” ಎಂದರು. “ಕಳ್ಳ ಬಾಗಿಲು ಬಿಟ್ಟು ಸಾಮಾನು ಹೊತ್ಕೊಂಡು ಹೋಗ್ತಾನೆ, ನಾನು ಸಾಮಾನು ಬಿಟ್ಟು ಬಾಗಿಲು ಹೊತ್ಕೊಂಡು ಹೋಗಿದ್ದೀನಿ” ಎಂದೆ. ಒಳಗಿದ್ದ ಒಬ್ಬ ಅಜ್ಜಿ ಮಾತ್ರ, “ಈಗ ಗಾಳಿ ಚೆನ್ನಾಗಿ ಬರ್ತಿದೆ ಬಿಡಿ ಸಾರ್, ಒಳ್ಳೇ ಕೆಲಸ ಮಾಡ್ಸಿದ್ರಿ” ಎಂದು ಮೇಷ್ಟ್ರಿಗೇ ಕೈ ಮುಗಿದಳು.

ನಗು ಮುಗಿಯಿತಾ? ಇನ್ನು ನಗುವ ಮಾತಲ್ಲ. ಮಂಗಳವಾರ ನಮ್ಮ ಪಾದ್ರಿಗಳು ಒಂದು ಟೈಪ್ ಮಾಡಿದ ಹಾಳೆ ತಂದರು. ಪಾಪ, ಹುಡುಗ ಮನುಷ್ಯ, ಕೆಟ್ಟವರಲ್ಲ. ಅವರ ಮಾತು ಮಾತ್ರ ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹೊರಗಿನವರನ್ನು ಹಾಲಿನಲ್ಲಿ ಇರಿಸಿಕೊಂಡದ್ದು ಸಭೆಗೆ ಮಾಡಿದ ದ್ರೋಹ, ಇಪ್ಪತ್ತೆರಡು ವರ್ಷದ ಈ ತಪ್ಪಿಗೆ ಕ್ಷಮೆ ಕೇಳುತ್ತೇನೆ ಎಂದು ಆ ಹಾಳೆಯಲ್ಲಿದೆ. ಅದಕ್ಕೆ ಸಹಿ ಹಾಕಿ ಈ ಭಾನುವಾರ ಸಭೆಯ ಮುಂದೆ ಓದಬೇಕು. ಓದಿದರೆ ನಾನು ಡೀಕನ್ನಾಗಿಯೇ ಇರುತ್ತೇನೆ, ನಾವು ಈ ಮನೆಯಲ್ಲಿಯೇ ಇರುತ್ತೇವೆ. ಓದದಿದ್ದರೆ ಡೀಕನ್ ಪದವಿಯೂ ಹೋಗುತ್ತದೆ, ಅದರ ಜೊತೆಗೆ ಮನೆಯೂ. “ಒಂದು ಸಹಿ ಅಷ್ಟೇ ಅಂಕಲ್. ಆಂಟಿ ಬರೋ ಹೊತ್ತಿಗೆ ಎಲ್ಲಾ ಮೊದಲಿನ ಹಾಗೇ ಇರುತ್ತೆ” ಎಂದರು.

ಒಂದು ಸಹಿ ಅಷ್ಟೇ! ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೇನೆ, ಎಲ್ಲಿ ಎಂದು ನಿನಗೆ ಗೊತ್ತು. ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಬ್ರೇಕು ನೋಡಿದೆ. ಗಾಡಿಯ ಕೆಳಗೆ ಮಲಗಿ, ಪೈಪಿನ ಮೇಲೆ ಬೆರಳಾಡಿಸಿ, ಹೊರಗೆ ಬಂದು, ಗಾಡಿ ಹೋಗಬಹುದು ಎಂದು ಸಹಿ ಹಾಕುವುದು ನನ್ನ ಕೆಲಸ. ಪ್ರತಿ ಗಾಡಿಯ ಕೆಳಗೂ ಒಂದು ಪ್ರಾರ್ಥನೆ ಮಾಡುತ್ತಿದ್ದೆ, ಆದರೆ ಪ್ರಾರ್ಥನೆ ಮಾಡಿದೆನೆಂದು ನಟ್ಟು ಬಿಗಿಯುವುದನ್ನು ಬಿಟ್ಟವನಲ್ಲ. ಒಂದೇ ಒಂದು ದಿನ ಗಾಡಿ ಸಾಲದೆ ಮ್ಯಾನೇಜರ್ ತಲೆಯ ಮೇಲೆ ಕೂತರು. ಬ್ರೇಕು ಮೆತ್ತಗಿತ್ತು. “ಒಂದು ಸಹಿ ಅಷ್ಟೇ, ಸಂಜೆ ಬಂದ ಮೇಲೆ ಸರಿ ಮಾಡಿದ್ರಾಯ್ತು” ಎಂದರು. ಹಾಕಿದೆ. ಆ ಗಾಡಿ ಸಂಜೆ ಬರಲಿಲ್ಲ. ಇಳಿಜಾರಿನಲ್ಲಿ ಗೋಡೆಗೆ ಗುದ್ದಿಸಿ ನಲವತ್ತು ಜನರನ್ನು ಉಳಿಸಿದ ಡ್ರೈವರಣ್ಣ ಅಂದಿನಿಂದ ಕುಂಟುತ್ತಿದ್ದಾನೆ. ಒಂದು ದಿನವಾದರೂ ಅವನು ನನ್ನನ್ನು ಬೈದಿಲ್ಲ. ಬೈದಿದ್ದರೆ ನಿದ್ದೆ ಬರುತ್ತಿತ್ತೇನೋ. ಸುಳ್ಳು ಎಂದು ಗೊತ್ತಿದ್ದೂ ಒಂದು ಸಲ ಸಹಿ ಹಾಕಿದ್ದೇನೆ ಇವಳೇ, ಎರಡನೆಯ ಸಲ ಈ ಕೈ ಹಾಕುವುದಿಲ್ಲ. ಕಮಿಟಿ ಅಲ್ಲ, ಕಮಿಟಿಯ ಅಜ್ಜ ಬಂದರೂ ಹಾಕುವುದಿಲ್ಲ.

ಅಷ್ಟಕ್ಕೂ ಅವರು ತಪ್ಪು ಎನ್ನುತ್ತಿರುವುದು ಯಾವುದನ್ನು? ಇಪ್ಪತ್ತೆರಡು ವರ್ಷದ ಹಿಂದೆ ಆಸ್ಪತ್ರೆಯ ಗೇಟಿನ ಹತ್ತಿರ, ಕುಡಿಯುವ ನೀರಿನ ನಲ್ಲಿಯ ಕೆಳಗೆ ಒಬ್ಬಳು ಮಗುವಿನ ಬಟ್ಟೆ ಒಗೆಯುತ್ತಿದ್ದಳು, ಕಾವಲುಗಾರ ಅವಳನ್ನು ಗದರಿಸುತ್ತಿದ್ದ. ನೀನು ರಸ್ತೆ ದಾಟಿ ಹೋಗಿ ಅವಳ ಕೈ ಹಿಡಿದುಕೊಂಡು ಬಂದು, ನನ್ನ ಕಡೆ ನೋಡದೆಯೇ “ರೀ, ಹಾಲಿನ ಬಾಗಿಲು ತೆಗೀರಿ, ಬಿಸಿನೀರು ಇಡಿ” ಎಂದೆ. ಅದಕ್ಕೆ ಹದಿನೈದು ದಿನ ಹಿಂದೆ ತಲೆಯ ಮೇಲೆ ಕೈಯಿಟ್ಟು ನನ್ನನ್ನು ಡೀಕನ್ ಮಾಡಿದ್ದರು. ಡೀಕನ್ ಎಂದರೆ ಸೇವಕ ಎಂದು ಹಳೆಯ ಪಾದ್ರಿಗಳು ಅರ್ಧ ಗಂಟೆ ಬೋಧಿಸಿದ್ದರು. ನನಗೆ ಅರ್ಥವಾದದ್ದು ನೀನು ನೀರು ಇಡು ಎಂದ ದಿನ. ಆಮೇಲೆ ಎಷ್ಟು ಜನ ಬಂದರು, ಎಷ್ಟು ಜನ ನಗುತ್ತಾ ಹೋದರು, ಎಷ್ಟು ಜನ ಒಬ್ಬರೇ ಹೋದರು. ಇದಕ್ಕೆ ಕ್ಷಮೆ ಕೇಳಿದರೆ ನಿನ್ನ ಪರವಾಗಿಯೂ ಕೇಳಿದ ಹಾಗೆ. ನಿನ್ನ ಪರವಾಗಿ ಒಂದು ಸೀರೆ ಆರಿಸಲು ಬಾರದವನು ಕ್ಷಮೆ ಕೇಳಲು ಯಾರು?

ಮನೆಯ ವಿಷಯ ಬರೆಯಲು ಮಾತ್ರ ಪೆನ್ನು ನಿಲ್ಲುತ್ತಿದೆ. ಮಗಳು ಅಂಬೆಗಾಲಿಟ್ಟ ನೆಲ ಇದು. ನೀನು ನೆಟ್ಟ ನಿಂಬೆಗಿಡ ಈ ವರ್ಷವೇ ಮೊದಲ ಸಲ ಹೂ ಬಿಟ್ಟಿದೆ. ಅಡುಗೆಮನೆಯ ಕಿಟಕಿಯಿಂದ ಗಂಟೆಗೋಪುರ ಕಾಣದಿದ್ದರೆ ನಿನಗೆ ಹಾಲು ಉಕ್ಕುವುದೂ ಗೊತ್ತಾಗುವುದಿಲ್ಲ ಎಂದು ನಾನೇ ಎಷ್ಟು ಸಲ ಛೇಡಿಸಿಲ್ಲ! ಮೇಷ್ಟ್ರಿಗೆ ನಾನು ಹೆದರಿಲ್ಲ. ಈ ಸಾಲುಗಳನ್ನು ಓದುವಾಗ ನಿನ್ನ ಮುಖ ಹೇಗಾಗುತ್ತದೋ, ಅದಕ್ಕೆ ಹೆದರಿದ್ದೇನೆ. ಮುದುಕನ ಹೆಂಡತಿಗೆ ಎಚ್ಚರ ಬಂದಿದೆ, ನಿನ್ನೆ ಎರಡು ಚಮಚ ಗಂಜಿ ಕುಡಿದಳು ಎಂದು ಅವನು ಓಡಿ ಬಂದು ಹೇಳಿದ. ಸದ್ಯಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಸುದ್ದಿ ಇದು, ಅದನ್ನೂ ಕಳಿಸುತ್ತಿದ್ದೇನೆ.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಮೊಮ್ಮಗಳ ಎರಡೂ ಕಿವಿಗೆ ಒಂದೊಂದು ಮುತ್ತು. ನಿನ್ನನ್ನು ಕಾಯುವವನು ನಿನ್ನ ಮೊಣಕಾಲನ್ನೂ ಕಾಯಲಿ, ಆದರೆ ಎಣ್ಣೆ ನೀನೇ ಹಚ್ಚಿಕೋ.

ಇಂತಿ,
ಇನ್ನೂ ಮೂರು ದಿನದ ಮಟ್ಟಿಗೆ ಡೀಕನ್, ಎಂದೆಂದಿಗೂ ನಿನ್ನವನಾದ
ಇವರು

ತಾ.ಕ.: ಪೋಸ್ಟಿನವನು ಗೇಟಿನ ಹತ್ತಿರ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಆ ಹಾಳೆಯನ್ನು ನಿನ್ನೆಯೇ ಸಹಿ ಇಲ್ಲದೆ ವಾಪಸು ಕೊಟ್ಟುಬಿಟ್ಟೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ಮನೆಗಾಗಿ ನೀನು ಅಳುತ್ತಿದ್ದೆ, ನಾನು ಸೋಲುತ್ತಿದ್ದೆ. ಶನಿವಾರ ಮನೆ ಖಾಲಿ ಮಾಡುತ್ತೇನೆ, ಬಾಗಿಲನ್ನೂ ತಿರುಗಿ ಕೂರಿಸಿ ಕೊಡುತ್ತೇನೆ, ಅದು ಅವರದೇ. ಡ್ರೈವರಣ್ಣ ತನ್ನ ಮನೆಯ ಮುಂದಿನ ಎರಡು ಕೋಣೆ ಬಿಟ್ಟುಕೊಟ್ಟಿದ್ದಾನೆ, ನೀನು ಬಸ್ ಇಳಿದು ನೇರ ಅಲ್ಲಿಗೇ ಬಾ. ಕೋಣೆ ಚಿಕ್ಕವು, ಆದರೆ ಆಸ್ಪತ್ರೆಯ ಗೇಟಿಗೆ ಇಲ್ಲಿಗಿಂತ ಹತ್ತಿರ. ಹಾಲಿನ ಹನ್ನೊಂದು ಜನರೂ ಶನಿವಾರ ಅಲ್ಲಿಗೇ ಬರುತ್ತಾರೆ, ನಿನ್ನೆ ಸಂಜೆ ಆಸ್ಪತ್ರೆಯ ಗೇಟಿನ ಹತ್ತಿರ ಇನ್ನೊಬ್ಬಳು ಸಿಕ್ಕಳು, ಅವಳಿಗೂ ಬಾ ಎಂದಿದ್ದೇನೆ. ಗೋಡೆಯ ಪಕ್ಕದ ಜಾಗ ನಿನಗೆ ಹಿಡಿದಿಟ್ಟಿರುತ್ತೇನೆ. ಎಷ್ಟು ಬೇಕಾದರೂ ಬೈಯಿ, ಆದರೆ ಮೆಲ್ಲಗೆ ಬೈಯಬೇಕು, ಸುತ್ತಲೂ ಜನ ಮಲಗಿರುತ್ತಾರೆ.