ಡಲ್ಸಿಮರಿನ ಮೇಲಿನ ಕುಂಕುಮ

ನ್ಯೂವೆಗೈನ್
೨೪ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆ ಸ್ಮೃತಿಯ ನಮಸ್ಕಾರಗಳು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀವು "ಆಯ್ತು ಬಿಡಮ್ಮ, ಊಟ ಆಯ್ತಾ?" ಅಂತ ಮಾತು ತಿರುಗಿಸಿಬಿಡುತ್ತೀರಿ. ಮೂವತ್ತು ವರ್ಷ ಮೈಸೂರಿನ ಅಂಚೆ ಕಚೇರಿಯಲ್ಲಿ ಕೂತವರು ಕಾಗದವನ್ನು ಅರ್ಧಕ್ಕೆ ಬಿಡಲಾರರು ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಿನ್ನೆ ವಿಲ್ಲೆಮೀನ್ ಅವರನ್ನು ನೋಡಿ ಬಂದೆ. ನನಗೆ ಡಲ್ಸಿಮರ್ ಕಲಿಸಿದವರು, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡ ಹಾಗೆ ಇಟ್ಟುಕೊಂಡು ನುಡಿಸುವ ಆ ಉದ್ದನೆಯ ವಾದ್ಯ, ನೆನಪಿದೆಯಲ್ಲ? ಈಗ ಅವರಿಗೆ ಎಪ್ಪತ್ತೊಂಬತ್ತು. ಬೆರಳುಗಳು ಗಂಟು ಕಟ್ಟಿವೆ, ತಂತಿ ಒತ್ತಲಾಗುವುದಿಲ್ಲ. ಮನೆ ಬಿಟ್ಟು ಹಿರಿಯರ ವಸತಿಯ ಒಂದು ಕೋಣೆಗೆ ಬಂದಿದ್ದಾರೆ. ಆದರೂ ಗೋಡೆಯ ಮೇಲಿದ್ದ ಆ ಫೋಟೋಗಳ ಸಾಲನ್ನು ಮಾತ್ರ ಬಿಟ್ಟು ಬಂದಿಲ್ಲ.

ನಾಲ್ಕು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಿದ್ದಾಗ, ಅವರ ಮನೆಯಲ್ಲಿ, ಅಮೆರಿಕದ ಬೆಟ್ಟದ ಊರುಗಳ ಹೆಸರಾಂತ ಡಲ್ಸಿಮರ್ ವಾದಕರ ಆ ಸಾಲಿಗೆ ನೀವು ಚಪ್ಪಲಿ ಬಿಟ್ಟು ಕೈಮುಗಿದಿದ್ದಿರಿ. ವಿಲ್ಲೆಮೀನ್‌ಗೆ ಎಷ್ಟು ಹಿಗ್ಗು! ಒಬ್ಬೊಬ್ಬರ ಕಥೆಯನ್ನೂ ಹೇಳಿದರು. ಈತ ಹೆಬ್ಬಾತಿನ ಗರಿಯಿಂದ ತಂತಿ ಮೀಟುತ್ತಿದ್ದನಂತೆ. ಈಕೆ ಅಡುಗೆಮನೆಯ ಮೇಜಿನ ಮೇಲಿಟ್ಟು ನುಡಿಸಿದರೆ ಮೇಜೂ ಜೊತೆಗೆ ಗುಂಯ್ ಅನ್ನುತ್ತಿತ್ತಂತೆ. ನಮ್ಮ ಮೇಜನ್ನೂ ಪರೀಕ್ಷೆ ಮಾಡೇಬಿಡೋಣ ಅಂತ ನೀವೇ ಅವರನ್ನು ಊಟಕ್ಕೆ ಕರೆದಿರಿ.

ಆ ಮಧ್ಯಾಹ್ನ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನೀವು ಹುರುಳಿಕಾಯಿ ಸೋಸುತ್ತಾ ಒಂದು ಆರತಿ ಹಾಡು ಗುನುಗುತ್ತಿದ್ದಿರಿ. ವಿಲ್ಲೆಮೀನ್ ಎದುರು ಕೂತು ನಿಮ್ಮ ಶ್ರುತಿಗೆ ತಂತಿ ಸರಿಮಾಡಿಕೊಂಡು ಹಾಡಿನ ಹಿಂದೆಯೇ ನುಡಿಸುತ್ತಾ ಬಂದರು. ಬೆರಳೊತ್ತುವ ಮೆಟ್ಟಿಲು ಕಡಿಮೆ ಇರುವ ಆ ವಾದ್ಯದಲ್ಲಿ ಒಂದು ಸ್ವರ ಮಾತ್ರ ಸಿಗಲಿಲ್ಲ. ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲಿರುವಾಗ ಇದನ್ನು ಮಾಡಿದವನಿಗೆ ಯಾಕಿಷ್ಟು ಜಿಪುಣತನ ಅಂತ ನಿಮ್ಮ ಅಂಚೆ ಕಚೇರಿಯ ಇಂಗ್ಲಿಷಿನಲ್ಲಿ ಕೇಳಿದಿರಿ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಲೆಯ ಮೇಲೆ ಅನ್ನ ತಳ ಹಿಡಿದದ್ದು ಯಾರಿಗೂ ಗೊತ್ತಾಗಲಿಲ್ಲ. ಅಂಥ ಮಧ್ಯಾಹ್ನ ಈ ಮನೆಗೆ ಮತ್ತೆ ಬಂದಿಲ್ಲ ಅತ್ತೆ.

ಮರುದಿನ ನೈಮೆಗನ್‌ನಲ್ಲಿ ಅವರ ಸಂಗೀತ ಕಛೇರಿ. ನಮ್ಮ ಕಾರಿನಲ್ಲೇ ಹೋಗುವುದೆಂದು ವಾದ್ಯವನ್ನು ಇಲ್ಲೇ ಬಿಟ್ಟು ಹೋದರು. ಅವರು ಊಟಕ್ಕೆ ಬಂದ ಆ ದಿನವೇ ಆಯುಧಪೂಜೆ. ಸಂಜೆ ನೀವು ಮಗ ಸುಜಯ್‌ನ ಲ್ಯಾಪ್‌ಟಾಪು, ಮಿಕ್ಸಿ, ಮೂರು ಸೈಕಲ್ಲುಗಳ ಜೊತೆಗೆ ಡಲ್ಸಿಮರಿಗೂ ಕುಂಕುಮ ಇಟ್ಟು ಸೇವಂತಿಗೆ ಏರಿಸಿದಿರಿ. ಪಕ್ಕದ ಮನೆಗೆ ರವೆ ಉಂಡೆ ಕೊಟ್ಟು ಬರುವಷ್ಟರಲ್ಲಿ, ವಾರ್ನಿಶ್ ಇಲ್ಲದ ಆ ಬರಿ ಮರದ ಮೇಲೆ ಅಂಗೈಯಗಲ ಕೆಂಪು ಕಲೆ.

ಬೆಳಿಗ್ಗೆ ವಿಲ್ಲೆಮೀನ್ ಬಂದಾಗ ನಾನು ಏನಂದೆ ಅನ್ನುವುದು ನಿಮಗೂ ಗೊತ್ತು. ಇದು ನಮ್ಮತ್ತೆಯ ಕೆಲಸ, ಹಳೇ ಕಾಲದವರು, ವಾದ್ಯದ ಬೆಲೆ ಅವರಿಗೆ ತಿಳಿಯುವುದಿಲ್ಲ ಅಂದೆ. ಇಂಗ್ಲಿಷಿನಲ್ಲಿ, ನೀವು ಸಿಂಕಿನ ಹತ್ತಿರ ನಿಂತಿರುವಾಗಲೇ. ಅದೇ ವಾರ ನೀವು ವಾಪಸು ಟಿಕೆಟ್ಟಿನ ತಾರೀಖು ಮುಂಚೆ ಮಾಡಿಸಿಕೊಂಡು ಊರಿಗೆ ಹೊರಟುಹೋದಿರಿ. ಆಮೇಲೆ ಯಾವಾಗ ಕರೆದರೂ ಮಂಡಿನೋವು.

ಮುಂದೆ ಆದದ್ದನ್ನು ನಾನು ನಿಮಗೆ ಹೇಳಲೇ ಇಲ್ಲ. ವಿಲ್ಲೆಮೀನ್ ಅವತ್ತು ಆ ಕಲೆಯ ಮೇಲೆ ಹೆಬ್ಬೆರಳಾಡಿಸಿ ಹಾಗೇ ವೇದಿಕೆಗೆ ಹೋದರು. ಸಭೆಯಲ್ಲಿ ಯಾರೋ ಕೇಳಿದಾಗ, ವರ್ಷಕ್ಕೊಂದು ದಿನ ವಾದ್ಯಕ್ಕೇ ಕೈಮುಗಿಯುವ ಮನೆಯೊಂದಿದೆ, ಈ ಸಲ ಆ ಅದೃಷ್ಟ ನನ್ನದಕ್ಕೆ ಬಂತು ಅಂದರು. ಮರಗೆಲಸದವನು ಹೆರೆದು ತೆಗೆಯುತ್ತೇನೆ ಅಂದರೂ ಬಿಡಲಿಲ್ಲ. ಅವರ ಕೊನೆಯ ರೆಕಾರ್ಡಿನ ಮುಖಪುಟದಲ್ಲೂ ಆ ಕಲೆ ಇದೆ. ಆ ಫೋಟೋ ಈಗ ಗೋಡೆಯ ಸಾಲಿನ ಕೊನೆಯಲ್ಲಿದೆ.

ನಿನ್ನೆ ಆ ವಾದ್ಯವನ್ನೇ ನನ್ನ ಕೈಯಲ್ಲಿಟ್ಟರು. ನನಗಲ್ಲ, ನಿಮಗೆ. ಕಲೆ ಮಾಸಿ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ಬಂದಿದೆ, ಈ ಹಬ್ಬಕ್ಕೆ ನಿನ್ನ ಅತ್ತೆಯೇ ಬಂದು ಮತ್ತೆ ಕುಂಕುಮ ಇಡಬೇಕು, ನಾನೂ ನೋಡಬೇಕು ಅಂದರು. ಅಕ್ಟೋಬರ್ ಒಂದಕ್ಕೆ ಹಬ್ಬ. ಮೂರು ವರ್ಷದಿಂದ ನೀವು ಆಯುಧಪೂಜೆಯ ದಿನ ಕುಂಕುಮದ ಬಟ್ಟಲನ್ನು ನಿಮ್ಮ ಮಗಳು ಅಮಿತಾಳ ಕೈಗೆ ಕೊಟ್ಟು ದೂರ ಕೂರುತ್ತೀರಂತೆ. ಅವಳು ಅದನ್ನು ಹೇಳಿದ ದಿನ ನನಗೆ ಅನ್ನ ಸೇರಲಿಲ್ಲ. ನಿಮ್ಮನ್ನು ಕೇಳದೆ ಟಿಕೆಟ್ ಮಾಡಿಸಿಲ್ಲ. ಬನ್ನಿ ಅತ್ತೆ.

ನಿಮ್ಮ ದಾರಿ ನೋಡುತ್ತಿರುವ
ಸ್ಮೃತಿ

ತಾ.ಕ.: ಒಣ ಪುಡಿ ಮರದೊಳಗೆ ಇಳಿಯುವುದಿಲ್ಲ, ಯಾರೋ ನೀರು ಹಾಕಿ ಉಜ್ಜಿದ್ದಾರೆ ಅಂತ ವಿಲ್ಲೆಮೀನ್‌ಗೆ ಅವತ್ತೇ ಗೊತ್ತಿತ್ತಂತೆ. ಸೈಕಲ್ಲುಗಳಿಗೆ ನೀವು ಕುಂಕುಮವನ್ನು ನೀರಿನಲ್ಲಿ ಕಲಸಿ ಇಟ್ಟಿದ್ದಿರಿ. ಡಲ್ಸಿಮರ್ ಪರರದು ಅಂತ ಒಂದು ಚಿಟಿಕೆ ಒಣ ಕುಂಕುಮ ಮಾತ್ರ ಇಟ್ಟಿದ್ದಿರಿ, ಊದಿದ್ದರೆ ಹಾರಿಹೋಗುತ್ತಿತ್ತು. ನೀವು ಪಕ್ಕದ ಮನೆಯಲ್ಲಿದ್ದಾಗ ಗಾಬರಿಯಲ್ಲಿ ಒದ್ದೆ ಬಟ್ಟೆ ತಂದು ಉಜ್ಜಿದವಳು ನಾನು. ಆಮೇಲೆ ನೀವು ಸುಜಯ್ ಹತ್ತಿರ "ನನ್ನ ಕೈಗೇ ನೀರು ಹತ್ತಿತ್ತೇನೋ ಕಣೋ" ಅಂದದ್ದನ್ನು ಬಾಗಿಲಾಚೆ ನಿಂತು ಕೇಳಿಸಿಕೊಂಡೆ, ಸುಮ್ಮನಿದ್ದೆ. ಅವನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ನಿಮ್ಮ ಕೈ ಒದ್ದೆ ಇರಲಿಲ್ಲ ಅತ್ತೆ.